ತೊಳೆದು ಬಿಟ್ಟ ಕಲ್ಲು

ಯಾರ ಮನೆಗೆ ಹೋದರೂ ಕರೆಗಂಟೆ ಒತ್ತುವ ಮೊದಲು ನಾನು ನೆಲ ನೋಡುತ್ತೇನೆ. ಜೊತೆಗೆ ಬಂದವರು ನಾನು ಚಪ್ಪಲಿ ಬಿಡಲು ಜಾಗ ಹುಡುಕುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಹಾಗೇ ಅಂದುಕೊಳ್ಳಲಿ ಎಂದು ಸುಮ್ಮನಿರುತ್ತೇನೆ. ಈಗಿನ ಫ್ಲ್ಯಾಟುಗಳ ಬಾಗಿಲಲ್ಲಿ ಪ್ಲಾಸ್ಟಿಕ್ ರಂಗೋಲಿ ಅಂಟಿಸಿರುತ್ತಾರಲ್ಲ, ಅದನ್ನು ಕಂಡರೆ ನನಗಾಗುವುದಿಲ್ಲ. ಚೆನ್ನಾಗಿಲ್ಲ ಅಂತಲ್ಲ. ನಾನು ಕೈಯಾರೆ ಇಟ್ಟ ಯಾವ ರಂಗೋಲಿಗಿಂತಲೂ ಅದು ಚೆನ್ನಾಗಿಯೇ ಇರುತ್ತದೆ. ಆದರೆ ಅದು ಮದುವೆಯ ದಿನವೂ ಅಲ್ಲೇ, ಹೆಣ ಎತ್ತಿದ ದಿನವೂ ಅಲ್ಲೇ. ಮೊನ್ನೆ ಒಂದು ಮನೆಗೆ ಸಾವಿನಲ್ಲಿ ಮಾತನಾಡಿಸಿ ಬರಲು ಹೋಗಿದ್ದೆ. ಬಾಗಿಲಲ್ಲಿ ಗುಲಾಬಿ ಬಣ್ಣದ ತಾವರೆ ಅರಳಿಕೊಂಡು ಬಿದ್ದಿತ್ತು. ಮನೆ ತಪ್ಪಿ ಬಂದೆನೇನೋ ಎಂದು ಎರಡು ಸಲ ನಂಬರು ನೋಡಿಕೊಂಡೆ. ಇಲ್ಲದೇ ಇರಲು ಬಾರದ ರಂಗೋಲಿ ಏನನ್ನು ತಾನೇ ಹೇಳೀತು?

ಈ ನೆಲ ನೋಡುವ ಚಟ ನನಗೆ ಅಂಟಿದ್ದು ಬನಾರಸಿನಲ್ಲಿ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ತರ್ಕಶಾಸ್ತ್ರ ಕಲಿಸುವ ಕೆಲಸ ಸಿಕ್ಕಿ ಹೋದವಳು ನಾನು. ತರ್ಕದ ಮೊದಲ ಮೆಟ್ಟಿಲಾಗಿ ಹೊಸ ಹುಡುಗ ಹುಡುಗಿಯರಿಗೆ ಔಪಚಾರಿಕ ಭಾಷೆಗಳ ಪರಿಚಯ ಮಾಡಿಕೊಡುವುದು ನನ್ನ ಪಾಲಿಗೆ ಬಂದಿತ್ತು. ಅಂದರೆ ಮನುಷ್ಯರು ಆಡದ, ನಿಯಮ ಮಾತ್ರ ಇರುವ, ಅರ್ಥವನ್ನು ಬೇಕೆಂದೇ ಹೊರಗೆ ನಿಲ್ಲಿಸಿದ ಭಾಷೆಗಳು. ತುಮಕೂರಿನಲ್ಲಿ ನನ್ನ ಅಮ್ಮ ನೆಂಟರಿಗೆ ಹೇಳುತ್ತಿದ್ದುದು ಇಷ್ಟು: "ಮಗಳು ಕಾಶೀಲಿ ಭಾಷೆ ಕಲಿಸ್ತಾಳೆ. ಯಾರೂ ಮಾತಾಡದೇ ಇರೋ ಭಾಷೆ." ನೆಂಟರೆಲ್ಲ ಅದು ಸಂಸ್ಕೃತವೇ ಇರಬೇಕೆಂದು ಕೈಮುಗಿದರು. ಊರಿಗೆ ಹೋದಾಗಲೆಲ್ಲ ನನ್ನ ಕೈಯಲ್ಲಿ ಮುಹೂರ್ತ ಕೇಳುವವರಿಂದ ತಪ್ಪಿಸಿಕೊಂಡು ಓಡಾಡುವುದೇ ಕೆಲಸವಾಯಿತು.

ನಾನು ಇಳಿದುಕೊಂಡದ್ದು ಬಂಗಾಲಿ ಟೋಲಾದ ಗಲ್ಲಿಯೊಂದರಲ್ಲಿ, ಗಿರಿಜಕ್ಕ ಎಂಬ ಕನ್ನಡದವರ ಮನೆಯ ಮಹಡಿಯ ಕೋಣೆಯಲ್ಲಿ. ಕೆಳಗಿನ ಕೋಣೆಗಳನ್ನು ಅವರು ನಮ್ಮ ಕಡೆಯಿಂದ ಬರುವ ಯಾತ್ರಿಕರಿಗೆ ಕೊಡುತ್ತಿದ್ದರು. ಬಂದವರಿಗೆ ಸಾರು ಅನ್ನ ಹಾಕುವುದು, ಪಿಂಡ ಇಡಿಸಲು ಪುರೋಹಿತರನ್ನು ಗೊತ್ತು ಮಾಡುವುದು, ಬೂದಿ ಬಿಡಲು ದೋಣಿಯವನನ್ನು ಕರೆಸುವುದು ಎಲ್ಲ ಅವರದೇ. ಕೇದಾರ ಘಾಟಿನ ಮೆಟ್ಟಿಲು ಇಳಿಯಲಾಗದ ಮುದುಕಿಯರನ್ನು ರಟ್ಟೆ ಹಿಡಿದು ಇಳಿಸುತ್ತಿದ್ದವರೂ ಅವರೇ. ಊರಿನವರೆಲ್ಲರ ಸತ್ತವರಿಗೆ ದಾರಿ ಮಾಡಿಕೊಡುತ್ತಿದ್ದ ಈ ಹೆಂಗಸಿನ ಗಂಡ ಮಾತ್ರ ಸತ್ತಿದ್ದಾರೋ ಬದುಕಿದ್ದಾರೋ ಯಾರಿಗೂ ತಿಳಿದಿರಲಿಲ್ಲ.

ಗಂಡ ರೈಲ್ವೆಯಲ್ಲಿದ್ದವರು, ಅರಸೀಕೆರೆಯಿಂದ ವರ್ಗವಾಗಿ ಬಂದಿದ್ದರು. ನಾನು ಬರುವುದಕ್ಕೆ ಬಹಳ ಮೊದಲು ಒಂದು ಬೆಳಿಗ್ಗೆ, ಒಗ್ಗರಣೆಗೆ ಕರಿಬೇವಿಲ್ಲವೆಂದು ಸೋನಾರ್‌ಪುರದ ಸಬ್ಜಿ ಮಂಡಿಗೆ ಹೋದವರು ಹಿಂದಿರುಗಲಿಲ್ಲ. ಯಾರೋ ಹೊಳೆಯ ಕಡೆ ನೋಡಿದೆನೆಂದರು, ಇನ್ಯಾರೋ ಸಾಧುಗಳ ಗುಂಪಿನಲ್ಲಿ ಕಂಡೆನೆಂದರು. ಪೊಲೀಸರು ಬಂದು ಹೋದರು. ಗಿರಿಜಕ್ಕ ಆ ಕಥೆ ಹೇಳುವಾಗ ಅಳುತ್ತಿರಲಿಲ್ಲ. "ಬಾಣಲೇಲಿ ಸಾಸಿವೆ ಸಿಡೀತಿತ್ತು ಕಣೇ, ಆರಿಸಲೋ ಬೇಡ್ವೋ ಅಂತ ನೋಡ್ತಾನೇ ಇದ್ದೆ" ಎನ್ನುತ್ತಿದ್ದರು. ಅವರ ಹಣೆಯಲ್ಲಿ ಕಾಸಗಲ ಕುಂಕುಮ, ಬಾಗಿಲಲ್ಲಿ ದಿನವೂ ರಂಗೋಲಿ. ಸಾರಿಗೆ ಮಾತ್ರ ಕರಿಬೇವು ಹಾಕುತ್ತಿರಲಿಲ್ಲ. ಯಾತ್ರಿಕರು ಕೇಳಿದರೆ, ಇಲ್ಲಿ ಸಿಗೋಲ್ಲ ಎಂದುಬಿಡುತ್ತಿದ್ದರು.

ಆ ಗಲ್ಲಿಯಲ್ಲಿ ರಂಗೋಲಿ ಇಡುವುದೆಂದರೆ ನೀರಿನ ಮೇಲೆ ಬರೆದ ಹಾಗೆ. ಹಸು ತುಳಿಯುತ್ತದೆ, ಗೂಳಿ ಅದರ ಮೇಲೇ ಮಲಗುತ್ತದೆ, ಪಾನ್ ಜಗಿಯುವವರು ಹೂವಿನ ಎಸಳಿಗೆ ಬಣ್ಣ ತುಂಬಿ ಹೋಗುತ್ತಾರೆ. ಪುಡಿ ಮುಗಿದಾಗ ನಾನು ವಿಭಾಗದಿಂದ ತುಂಡು ಸೀಮೆಸುಣ್ಣ ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದೆ, ಅವರು ಕುಟ್ಟಿ ಜರಡಿ ಹಿಡಿದು ತೆಂಗಿನ ಕರಟದಲ್ಲಿ ತುಂಬಿಡುತ್ತಿದ್ದರು. ಹಾಲಿನ ರಾಮಧನಿ ಬಂದ ಹೊಸತರಲ್ಲಿ ರಂಗೋಲಿಯ ಮೇಲೇ ಕಾಲಿಟ್ಟು, ಗಿರಿಜಕ್ಕನಿಂದ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಚೆನ್ನಾಗಿ ಬೈಸಿಕೊಂಡಿದ್ದನಂತೆ. ಅಂದಿನಿಂದ ಅವನು ಹಾಲಿನ ಕ್ಯಾನು ಒಂದು ಕೈಯಲ್ಲಿ, ಧೋತಿಯ ಅಂಚು ಇನ್ನೊಂದು ಕೈಯಲ್ಲಿ ಹಿಡಿದು, ಅಗಲವಾಗಿ ಹೆಜ್ಜೆ ಹಾಕಿ ದಾಟಿಕೊಂಡೇ ಒಳಗೆ ಬರುತ್ತಿದ್ದ. ದಪ್ಪ ಆಳು. ಆ ದಾಟುವಿಕೆ ನೋಡಲೆಂದೇ ನಾನು ಬೆಳಿಗ್ಗೆ ಮಹಡಿಯ ಕಿಟಕಿಯಲ್ಲಿ ನಿಲ್ಲುತ್ತಿದ್ದುದುಂಟು.

ನನಗೂ ರಂಗೋಲಿಗೂ ಹುಟ್ಟಿನಿಂದಲೇ ಆಗಿಬರದು. ಧನುರ್ಮಾಸದ ಚಳಿಯಲ್ಲಿ ಅಮ್ಮ ಎಬ್ಬಿಸಿ ಕೂರಿಸಿದರೆ ನಿದ್ದೆಗಣ್ಣಲ್ಲೇ ಚುಕ್ಕಿ ಇಡುತ್ತಿದ್ದೆ, ಅವು ಸಾಲು ಬಿಟ್ಟು ಚರಂಡಿಯ ಕಡೆಗೆ ನಡೆದುಬಿಡುತ್ತಿದ್ದವು. "ಇದೇನೇ, ಇರುವೆ ಮೆರವಣಿಗೆ ಹೊರಡಿಸಿದೀಯ" ಎನ್ನುತ್ತಿದ್ದಳು ಅಮ್ಮ. ಆದರೆ ಕಿವಿಯಿಂದ ಕಲಿಯುವುದನ್ನು ಚೆನ್ನಾಗಿಯೇ ಕಲಿತೆ. ನಮ್ಮ ಅತ್ತೆ ಚಿಕ್ಕಮ್ಮಂದಿರು ರಂಗೋಲಿಯನ್ನು ಬಾಯಲ್ಲಿ ಹೇಳಿಯೇ ಕೊಟ್ಟು ತೆಗೆದುಕೊಳ್ಳುತ್ತಿದ್ದರು, ನೆನಪಿದೆಯೇ ನಿಮಗೆ? ಹನ್ನೊಂದು ಚುಕ್ಕಿ, ಒಂದಕ್ಕೆ ನಿಲ್ಲಿಸು. ಎರಡು ಚುಕ್ಕಿ ಬಿಟ್ಟು ಮೂರನೆಯದನ್ನು ಸುತ್ತು. ಅಷ್ಟು ಹೇಳಿದರೆ ಕಾಣದ ಊರಿನ ಕಾಣದ ಹೆಂಗಸಿನ ಬಾಗಿಲಲ್ಲೂ ಅದೇ ಬಳ್ಳಿ ಬಂದು ಬೀಳುತ್ತಿತ್ತು.

ಕ್ಲಾಸಿನಲ್ಲಿ ಮೊದಲ ದಿನ ನಾನು ಮಾಡುತ್ತಿದ್ದುದೂ ಹೆಚ್ಚು ಕಡಿಮೆ ಇದನ್ನೇ. ಬೋರ್ಡಿನ ಮೇಲೆ ಎರಡು ಗುರುತು ಬರೆಯುತ್ತಿದ್ದೆ: ಒಂದು ಚುಕ್ಕಿ, ಒಂದು ಗೆರೆ. ನಮ್ಮ ಭಾಷೆಗೆ ಇವೆರಡೇ ಅಕ್ಷರ. ನಿಯಮವೂ ಒಂದೇ: ಮೊದಲು ಚುಕ್ಕಿಗಳು, ಆಮೇಲೆ ಗೆರೆಗಳು, ಎಷ್ಟು ಚುಕ್ಕಿಯೋ ಅಷ್ಟೇ ಗೆರೆ. ಈ ನಿಯಮಕ್ಕೆ ಕೂಡಿ ಬಂದ ಸಾಲು ನಮ್ಮ ಭಾಷೆಯ ಪದ, ಕೂಡದ್ದು ಪದವಲ್ಲ. ಅಷ್ಟೇ ಭಾಷೆ. ಕೂಡಲೇ ಯಾರಾದರೂ ಕೇಳುತ್ತಿದ್ದರು, "ಇಸ್ಕಾ ಮತ್‌ಲಬ್ ಕ್ಯಾ ಹುವಾ ಮೇಡಂ?" ಅರ್ಥ ಏನೂ ಇಲ್ಲ ಎಂದರೆ ನಾನು ಪಾಠ ತಯಾರಿ ಮಾಡಿಕೊಂಡು ಬಂದಿಲ್ಲವೆಂದು ಭಾವಿಸುತ್ತಿದ್ದರು. ಹೊಸಬರಿಗೆ ಬಹಳ ಕಷ್ಟವಾಗುವುದು ಇಲ್ಲಿಯೇ. ಅರ್ಥವನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದರೆ ನಿಯಮವೊಂದೇ ಎಷ್ಟು ದೂರ ನಡೆದೀತೆಂದು ಕಾಣುತ್ತದೆ. ಪದ ಸರಿಯೋ ತಪ್ಪೋ ಎಂದು ಹೇಳಲು ಅದರ ಮನಸ್ಸು ತಿಳಿಯಬೇಕಿಲ್ಲ, ಕಣ್ಣು ಮತ್ತು ತಾಳ್ಮೆ ಇದ್ದರೆ ಸಾಕು. ಇಷ್ಟು ಒಪ್ಪಿಸುವಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು.

ಎರಡನೆಯ ಜಗಳ ಖಾಲಿ ಪದದ್ದು. ಚುಕ್ಕಿ ಒಂದಿದ್ದರೆ ಗೆರೆ ಒಂದು. ಚುಕ್ಕಿ ಸೊನ್ನೆಯಾದರೆ ಗೆರೆಯೂ ಸೊನ್ನೆ. ನಿಯಮ ಎಲ್ಲಿಯೂ ಮುರಿಯಲಿಲ್ಲ. ಆದ್ದರಿಂದ ಒಂದೂ ಅಕ್ಷರವಿಲ್ಲದ ಸಾಲು ಕೂಡ ಒಂದು ಪದವೇ. ಬಲಿಯಾ ಕಡೆಯ ಸುಷ್ಮಾ ಎಂಬ ಹುಡುಗಿ ಎದ್ದು ನಿಂತಳು. ಬಡಪೆಟ್ಟಿಗೆ ಒಪ್ಪುವವಳಲ್ಲ. "ಜೋ ಹೈ ಹೀ ನಹೀ, ವೋ ಶಬ್ದ್ ಕೈಸೇ ಹುವಾ?" ಇಲ್ಲವೇ ಇಲ್ಲದ್ದು ಪದ ಹೇಗಾದೀತು ಎಂದು ಅವಳ ಪ್ರಶ್ನೆ. ಪದವೇ ಇಲ್ಲದಿರುವುದು ಬೇರೆ, ಖಾಲಿ ಪದ ಇರುವುದು ಬೇರೆ ಎಂದೆ. ಖಾಲಿ ಡಬ್ಬಿಗೂ ಡಬ್ಬಿಯೇ ಇಲ್ಲದ್ದಕ್ಕೂ ವ್ಯತ್ಯಾಸವಿಲ್ಲವೇ ಎಂದೆ. ಡಬ್ಬಿ ಎಲ್ಲಿದೆ ತೋರಿಸಿ ಎಂದಳು. ಬೋರ್ಡಿನ ಮೇಲೆ ಏನೂ ಬರೆಯದೆ, ಇದೋ ನೋಡು ಎಂದು ಬರಿಯ ಜಾಗ ತೋರಿಸಿದೆ. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಆ ಸಂಜೆ ಮುಖ ಸಪ್ಪೆ ಮಾಡಿಕೊಂಡು ಬಂದು ಗಿರಿಜಕ್ಕನ ಅಡುಗೆಮನೆಯಲ್ಲಿ ಕೂತು ಈ ಕಥೆ ಹೇಳಿದೆ. ಅವರಿಗೆ ನನ್ನ ಪಾಠದ ಮೇಲೆ ಅಂಥ ಮರ್ಯಾದೆಯೇನೂ ಇರಲಿಲ್ಲ.

"ಏನೂ ಇಲ್ದೇ ಇರೋದನ್ನ ಹೇಳ್ಕೊಡೋಕೂ ತನಖ್ವಾ ಕೊಡ್ತಾರೇನೇ ನಿಂಗೆ?" ಎಂದರು. ಸಂಬಳವನ್ನು ಅವರು ಅಲ್ಲಿಯವರ ಹಾಗೆ ತನಖ್ವಾ ಎಂದೇ ಅನ್ನುತ್ತಿದ್ದುದು.

"ಹೋಗಲಿ ಅಕ್ಕ, ಬಾಗಿಲಲ್ಲಿ ರಂಗೋಲಿ ಇಲ್ದೇ ಇದ್ರೆ ಏನರ್ಥ?"

"ತೊಳೆದು ಬಿಟ್ಟಿದ್ರೆ ಸಾವು. ತೊಳೀದೇ ಬಿಟ್ಟಿದ್ರೆ ಸೋಮಾರಿತನ" ಎಂದು ಹೇಳಿ, ಒಲೆಯ ಮೇಲಿದ್ದ ಬೇಳೆಯ ಕಡೆ ತಿರುಗಿದರು.

ಮರುದಿನ ಸುಷ್ಮಾಳಿಗೆ ಇದನ್ನೇ ಹೇಳಿದೆ. ನಮ್ಮಲ್ಲಿ ಸೂತಕದ ದಿನ, ಶ್ರಾದ್ಧದ ದಿನ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡದೆ ಬಿಡುತ್ತಾರೆ. ಆ ಬಿಟ್ಟ ಜಾಗವನ್ನು ಓದಬಲ್ಲವರು ಓದುತ್ತಾರೆ. ತೊಳೆಯದ ಜಾಗದಲ್ಲಿ ಓದಲು ಏನೂ ಇಲ್ಲ. ಅವಳು, ಹಾಗಿದ್ದರೆ ಅದಕ್ಕೆ ಅರ್ಥ ಇದೆಯಲ್ಲ ಮೇಡಂ, ಅರ್ಥ ಇಲ್ಲ ಅಂದಿದ್ದಿರಿ ಎಂದಳು. ಈ ಹುಡುಗಿಯಿಂದ ಗೆಲುವಿಲ್ಲವೆಂದು ಅಂದೇ ತಿಳಿದುಕೊಂಡೆ.

ಓದಬಲ್ಲವರು ಎಂದೆ. ಆ ಗಲ್ಲಿಯಲ್ಲಿ ಅಂಥವರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರು ಹುಬ್ಬಳ್ಳಿ ಕಡೆಯ ವಾಸುದೇವರಾಯರು, ಬ್ಯಾಂಕಿನಿಂದ ವರ್ಗವಾಗಿ ಬಂದು ಸೋನಾರ್‌ಪುರದಲ್ಲಿ ಮನೆ ಮಾಡಿದ್ದವರು, ದಿನವೂ ಗಂಗೆಗೆ ಹೋಗುವಾಗ ನಮ್ಮ ಬಾಗಿಲು ಹಾಯುತ್ತಿದ್ದರು. ಒಂದು ಚಳಿಗಾಲದಲ್ಲಿ ಗಿರಿಜಕ್ಕನಿಗೆ ಜ್ವರ ಬಂತು, ಏಳಲಾಗಲಿಲ್ಲ. ಬೆಳಗಿನ ಜಾವ ಸಣ್ಣ ಮಳೆ ಬಿದ್ದು ಕಲ್ಲು ತೊಳೆದ ಹಾಗೆ ಆಗಿತ್ತು. ರಾಯರು ನೋಡಿದರು. ತೊಳೆದ ಕಲ್ಲು, ರಂಗೋಲಿ ಇಲ್ಲ. ಗಿರಿಜಕ್ಕನ ಗಂಡನ ಸಾವಿನ ಸುದ್ದಿ ಬಂದೇ ಬಿಟ್ಟಿತೆಂದು ತೀರ್ಮಾನಿಸಿ, ಸ್ನಾನವನ್ನೂ ಮರೆತು, ಸುತ್ತಲಿದ್ದ ಕನ್ನಡದವರನ್ನೆಲ್ಲ ಎಬ್ಬಿಸಿ ಕರೆತಂದರು. ನಾನು ಕೆಳಗಿಳಿದು ಬರುವಾಗ ಪಡಸಾಲೆಯ ತುಂಬ ಜನ ತಲೆ ತಗ್ಗಿಸಿ ಕೂತಿದ್ದರು. ಯಾತ್ರಿಕರೂ ಏಕೆಂದು ತಿಳಿಯದೆ ಜೊತೆಗೆ ಕೂತಿದ್ದರು.

ಗಿರಿಜಕ್ಕ ಕಂಬಳಿ ಹೊದ್ದು, ಹಣೆಯ ಕುಂಕುಮ ಸಮೇತ ಹೊರಗೆ ಬಂದರು.

"ಸುದ್ದಿ ಯಾವಾಗ ಬಂತ್ರೀ ಅಕ್ಕಾರ?" ಎಂದು ರಾಯರು ಕೇಳಿದರು.

"ಯಾವ ಸುದ್ದಿ?"

ರಾಯರು ಬಾಗಿಲ ಕಡೆ ನೋಡಿದರು. ಗಿರಿಜಕ್ಕನೂ ನೋಡಿದರು. ಒಂದು ಗಳಿಗೆ ಅವರ ಮುಖದಲ್ಲಿ ಏನು ಬಂದು ಹೋಯಿತೋ, ನನಗೆ ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಸುದ್ದಿ ಇವರಿಗೆಲ್ಲ ತಿಳಿದು ತನಗೊಬ್ಬಳಿಗೇ ತಿಳಿದಿಲ್ಲವೇನೋ ಎಂದು ಅವರು ಹೆದರಿದ್ದು. ಆಮೇಲೆ ವಿಷಯ ಅರ್ಥವಾಗಿ, "ಜ್ವರ ಬಂದಿದೆ ಕಣ್ರೀ ನಂಗೆ, ಅಷ್ಟೇ" ಎಂದರು. ಎಲ್ಲರಿಗೂ ಕಾಫಿ ಮಾಡಿ ಕೊಟ್ಟರು. ಜನ ಹೋದ ಮೇಲೆ ಕಂಬಳಿ ಹೊದ್ದುಕೊಂಡೇ ಕರಟ ಹಿಡಿದು, ಒದ್ದೆ ಕಲ್ಲಿನ ಮೇಲೆ ಚುಕ್ಕಿ ಇಟ್ಟರು. ನಾನು ಇಡುತ್ತೇನೆಂದರೆ ಬೇಡವೆಂದರು. ನೀನಿಟ್ಟರೆ ಬದುಕಿದ್ದೋರೂ ಹೆದರಿ ಓಡ್ತಾರೆ ಎಂದು ನಗಿಸಲು ನೋಡಿದರು. ಆಮೇಲೆ ಜ್ವರವಿರಲಿ, ಕರೆಂಟು ನೀರು ಹೋಗಲಿ, ಆ ಬಾಗಿಲಲ್ಲಿ ರಂಗೋಲಿ ತಪ್ಪಲಿಲ್ಲ.

ನನಗೆ ನಿಧಾನವಾಗಿ ತಿಳಿದದ್ದೇನೆಂದರೆ, ಅದು ಅಲಂಕಾರವಾಗಿರಲಿಲ್ಲ. ದಿನ ಬೆಳಗಾದರೆ ಅವರು ಅಲ್ಲಿ ಒಂದೇ ಮಾತು ಬರೆಯುತ್ತಿದ್ದರು, ಬಳ್ಳಿ ಬೇರೆ ಬೇರೆಯಾದರೂ. ನಮ್ಮವರು ಬದುಕಿದ್ದಾರೆ. ಬದುಕಿದ್ದಾರೆ. ಹಸು ತುಳಿದು ಅಳಿಸಿದರೆ ನಾಳೆ ಮತ್ತೆ.

ಒಂದು ಬೇಸಿಗೆಯಲ್ಲಿ ಅವರ ಮೈದುನ ಶ್ರೀನಿವಾಸಯ್ಯ ಅರಸೀಕೆರೆಯಿಂದ ಬಂದರು. ಬಡಕಲು ಮನುಷ್ಯ, ಉಬ್ಬಸ, ನಾಲ್ಕು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಊಟವಾದ ಮೇಲೆ ವಿಷಯ ತೆಗೆದರು. ಕಾಣೆಯಾದವರಿಗೆ ಹನ್ನೆರಡು ವರ್ಷ ಕಾಯಬೇಕೆಂದು ಶಾಸ್ತ್ರವಿದೆ. ಅದು ಕಳೆದಿದೆ. ದರ್ಭೆಯಿಂದ ಒಂದು ಆಕಾರ ಕಟ್ಟಿ, ಅದಕ್ಕೆ ಬೆಂಕಿ ಕೊಟ್ಟು, ಕರ್ಮ ಮುಗಿಸಿಬಿಡೋಣ ಎಂದರು. ಗಿರಿಜಕ್ಕ ಎಂಜಲೆಲೆ ತೆಗೆಯುತ್ತಿದ್ದವರು ಹಾಗೇ ನಿಂತರು.

"ಬದುಕಿದ್ದೋರಿಗೆ ಬೆಂಕಿ ಕೊಡೋಕೆ ನಾನು ಒಪ್ಪಲ್ಲ ಶೀನಪ್ಪ."

"ನಂಗೂ ಆಸೆ ಏನಲ್ಲ ಅತ್ತಿಗೆ. ಆದ್ರೆ ನನ್ನ ನೋಡಿ. ನಾನೂ ಹೋದ್ಮೇಲೆ ಅಣ್ಣಂಗೆ ನೀರು ಬಿಡೋರು ಯಾರು?"

ಗಿರಿಜಕ್ಕನಿಗೆ ಮಕ್ಕಳಿರಲಿಲ್ಲ. ಸತ್ತಿದ್ದರೆ ಇಷ್ಟು ವರ್ಷ ಆತ ನೀರಿಲ್ಲದೆ ಅಲೆಯುತ್ತಿದ್ದಾನೆ, ಅದೂ ಕಾಶಿಯಲ್ಲಿ, ಲೋಕದವರೆಲ್ಲ ಬಂದು ನೀರು ಬಿಡಿಸಿಕೊಳ್ಳುವ ಊರಿನಲ್ಲಿ. ಬದುಕಿದ್ದರೆ, ತಿರುಗಿ ಬರುವವನ ಬಾಗಿಲನ್ನು ಇವರೇ ಮುಚ್ಚಿದ ಹಾಗೆ. ಯಾವುದು ಮಾಡಿದರೂ ಆ ಮನುಷ್ಯನಿಗೆ ದ್ರೋಹ. ಶ್ರೀನಿವಾಸಯ್ಯ ಪಕ್ಷಮಾಸಕ್ಕೆ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಯೋಚನೆ ಮಾಡಿ ಎಂದು ಹೇಳಿ ರೈಲು ಹತ್ತಿದರು.

ಅವರನ್ನು ಕಳಿಸಿ ಬಂದ ಸಂಜೆ ಗಿರಿಜಕ್ಕ ನನ್ನನ್ನು ಕೇಳಿದರು. "ನಿನ್ನ ಶಾಸ್ತ್ರದಲ್ಲಿ ಇದಕ್ಕೇನಾದ್ರೂ ಇದೆಯೇನೇ? ಇದಾರೋ ಇಲ್ವೋ ಅಂತ ತಿಳಿಯೋದಕ್ಕೆ?"

ಇದ್ದಿದ್ದರೆ ಎಂದು ಎಷ್ಟು ಅನ್ನಿಸಿತೆಂದು ಹೇಳಲಾರೆ. ಸುಮ್ಮನೆ ತಲೆಯಾಡಿಸಿ ಮಹಡಿ ಹತ್ತಬಹುದಿತ್ತು, ಆದರೆ ಅಷ್ಟು ನೇರವಾಗಿ ಕೇಳಿದವರಿಗೆ ತಿಳಿದದ್ದನ್ನು ಹೇಳದಿರುವುದು ಹೇಗೆ? ಹೇಳಿದೆ. ಒಂದು ಯಂತ್ರಕ್ಕೆ ನಿಯಮ ಕೊಟ್ಟು ಓಡಲು ಬಿಡುತ್ತೇವೆ ಅಕ್ಕ. ಅದು ಒಂದು ದಿನ ನಿಲ್ಲುತ್ತದೋ, ಓಡುತ್ತಲೇ ಇರುತ್ತದೋ ಎಂದು ಎಂಥ ಯಂತ್ರ ಕೊಟ್ಟರೂ ಮೊದಲೇ ಹೇಳಿಬಿಡುವ ಉಪಾಯ ಇಲ್ಲ. ನಮಗಿನ್ನೂ ಸಿಕ್ಕಿಲ್ಲ ಎಂದಲ್ಲ, ಇರಲಾರದು ಎಂದೇ ತೋರಿಸಿದ್ದಾರೆ. ಓಡುತ್ತಿರುವುದರ ಮುಂದೆ ಕೂತು ನೋಡುತ್ತಿದ್ದರೆ, ನಿಂತ ದಿನ ನಿಂತಿತು ಎಂದು ಗೊತ್ತಾಗುತ್ತದೆ. ನಿಲ್ಲದಿದ್ದರೆ, ಇವತ್ತಿಗೆ ನಿಂತಿಲ್ಲ ಎಂದಷ್ಟೇ ಗೊತ್ತಾಗುತ್ತದೆ. ನಾಳೆಯೂ ಅಷ್ಟೇ.

"ಅಂದ್ರೆ, ಬಂದ್ರೆ ಬಂದ್ರು ಅಂತ ಗೊತ್ತಾಗುತ್ತೆ" ಎಂದರು ಗಿರಿಜಕ್ಕ.

"ಹೂಂ."

"ಬರೋಲ್ಲ ಅಂತ ಗೊತ್ತಾಗೋ ದಿನ ಮಾತ್ರ ಬರೋದೇ ಇಲ್ಲ."

ಅವರು ಪಾತ್ರೆ ತೊಳೆಯಲು ಎದ್ದು ಹೋದರು. ಬಹಳ ಹೊತ್ತು ನಲ್ಲಿ ಸುರಿಯುತ್ತಲೇ ಇತ್ತು. ಕ್ಲಾಸಿನಲ್ಲಿ ಇದೇ ಮಾತನ್ನು ನಾನು ಎಷ್ಟು ಉತ್ಸಾಹದಿಂದ ಹೇಳುತ್ತಿದ್ದೆ! ಮನುಷ್ಯನ ತಿಳಿವಿಗೆ ತಾನೇ ಕಂಡುಕೊಂಡ ಎಲ್ಲೆ, ಎಂಥ ಸೊಗಸು ನೋಡಿ ಎಂದು ಕೈ ಬೀಸುತ್ತಿದ್ದೆ. ಆ ಎಲ್ಲೆಯ ಮೇಲೆ ಯಾರೋ ದಿನವೂ ನೀರು ಹಾಕಿ ರಂಗೋಲಿ ಇಡುತ್ತಿರಬಹುದೆಂದು ನನಗೆ ಹೊಳೆದಿರಲಿಲ್ಲ. ಹನ್ನೆರಡು ವರ್ಷವೆಂಬ ಶಾಸ್ತ್ರದ ಮಾತು ನನಗೆ ಮೊದಲು ಒರಟೆನಿಸಿತ್ತು. ಆ ಸಂಜೆಯಿಂದ ಹಾಗೆನ್ನಿಸಲಿಲ್ಲ. ತಿಳಿವು ಬಾರದೆಂದು ಬಲ್ಲ ಯಾರೋ, ಕಾಯುವವರ ಮೇಲೆ ಕರುಣೆಯಿಂದ, ಇಲ್ಲಿಗೆ ಸಾಕು ಎಂದು ಹೊರಗಿನಿಂದ ಒಂದು ಗೆರೆ ಎಳೆದಿರಬೇಕು.

ಮಳೆಗಾಲ ಪೂರ್ತಿ ರಂಗೋಲಿ ಬೀಳುತ್ತಲೇ ಇತ್ತು. ಮೊದಲಿಗಿಂತ ದೊಡ್ಡವು, ಬಾಗಿಲಿಂದ ಗಲ್ಲಿಯ ಆಚೆ ಗೋಡೆಯವರೆಗೂ ಹಬ್ಬುವಂಥವು. ನಾನು ದಿನವೂ ಇಳಿಯುವಾಗ ನೋಡಿ, ಇವತ್ತಿಗೆ ಇದೆ ಎಂದುಕೊಂಡು ಹೋಗುತ್ತಿದ್ದೆ.

ಪಕ್ಷಮಾಸ ಬಂತು. ಗಲ್ಲಿಗಳ ತುಂಬ ತಲೆ ಬೋಳಿಸಿಕೊಂಡ ಗಂಡಸರು. ಶ್ರೀನಿವಾಸಯ್ಯ ಬಂದು ಇಳಿದರು. ಆ ರಾತ್ರಿ ಅತ್ತಿಗೆ ಮೈದುನ ಏನು ಮಾತಾಡಿಕೊಂಡರೋ ನಾನು ಕೇಳಲಿಲ್ಲ.

ಬೆಳಿಗ್ಗೆ ಕ್ಲಾಸಿಗೆಂದು ಮೆಟ್ಟಿಲಿಳಿದು ಬಂದೆ. ಬಾಗಿಲು ತೆರೆದಿತ್ತು. ಕಲ್ಲಿನ ಮೇಲೆ ರಂಗೋಲಿ ಇರಲಿಲ್ಲ. ಜ್ವರವೇನೋ, ಎದ್ದಿಲ್ಲವೇನೋ ಎಂದು ಆಸೆಯಿಂದ ಬಗ್ಗಿ ನೋಡಿದೆ. ಮಳೆ ನಿಂತು ಕೆಲವು ದಿನವಾಗಿತ್ತು, ಗಲ್ಲಿಯ ಉಳಿದ ಕಲ್ಲುಗಳೆಲ್ಲ ಒಣಗಿ ಧೂಳು ಹಿಡಿದಿದ್ದವು. ನಮ್ಮ ಬಾಗಿಲಿನದು ಮಾತ್ರ ಒದ್ದೆಯಾಗಿತ್ತು. ಪೊರಕೆಯಿಂದ ಮೂಲೆ ಮೂಲೆ ಉಜ್ಜಿ ತೊಳೆದು, ಬಿಟ್ಟಿದ್ದರು. ಒಳಗೆ ಶ್ರೀನಿವಾಸಯ್ಯ ಒದ್ದೆ ಪಂಚೆಯಲ್ಲಿ, ದರ್ಭೆಯ ಕಟ್ಟು ಮಡಿಲಲ್ಲಿಟ್ಟುಕೊಂಡು ಘಾಟಿಗೆ ಹೊರಡಲು ಕೂತಿದ್ದರು. ಗಿರಿಜಕ್ಕ ಬಾಗಿಲ ಪಕ್ಕ ನಿಂತಿದ್ದರು. ಹಣೆಯಲ್ಲಿ ಕುಂಕುಮ ಇನ್ನೂ ಇತ್ತು. ನನ್ನನ್ನು ನೋಡಿದರು. ನನಗೆ ಅಳು ಬಂತು. ಆಚೆ ಜನ ಹೋಗುತ್ತಿದ್ದರು, ಬರುತ್ತಿದ್ದರು, ಯಾರೂ ನಮ್ಮ ಬಾಗಿಲ ಕಡೆ ನೋಡಲಿಲ್ಲ.

ಆಗ ರಾಮಧನಿ ಹಾಲಿನ ಕ್ಯಾನು ಹಿಡಿದು ಬಂದ. ಅಭ್ಯಾಸದಂತೆ ಧೋತಿಯ ಅಂಚಿಗೆ ಕೈ ಹಾಕಿದ.

"ಆಜ್ ಕುಛ್ ನಹೀ ಹೈ, ಭೈಯಾ. ಪೈರ್ ರಖ್ಖೋ" ಎಂದರು ಗಿರಿಜಕ್ಕ. ಇವತ್ತು ಏನೂ ಇಲ್ಲಪ್ಪ, ಕಾಲಿಡು.

ರಾಮಧನಿ ಕಲ್ಲು ನೋಡಿದ. ಅವರ ಮುಖ ನೋಡಿದ. ಆಮೇಲೆ ಧೋತಿ ಎತ್ತಿ ಹಿಡಿದು, ಎಂದಿನಷ್ಟೇ ಅಗಲವಾಗಿ ಹೆಜ್ಜೆ ಹಾಕಿ, ದಾಟಿಯೇ ಒಳಗೆ ಬಂದ.